ಮದ್ದಿನ ಸಾಮಾನು ಎಲ್ಲಿ ಕೊಳ್ಳಬೇಕು? ಮಾತೃಕೆಯ ಲೆಕ್ಕ

ಮಳೆ ಹಿಡಿಯುವುದಕ್ಕೆ ಮುಂಚೆ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿಡತಕ್ಕದ್ದೆಂಬುದನ್ನು ಕಾಸರಗೋಡು ಸೀಮೆಯ ಕೃಷಿಕ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ೪೦–೪೫ ದಿನ ಕಳೆದು ಮತ್ತೊಂದು ಸಲ. ಆದರೆ ಈ ಸಾಮಾನನ್ನು ಊರ ಪೇಟೆಯಲ್ಲೇ ಕೊಳ್ಳುವುದೋ, ಗಡಿ ದಾಟಿ ಪುತ್ತೂರಿಗೆ ಹೋಗುವುದೋ ಎಂಬ ಚರ್ಚೆ ವರ್ಷವೂ ನಡೆಯುತ್ತದೆ. ಒಬ್ಬರಿಗೆ ಆ ಅಂಗಡಿ ಅಗ್ಗ, ಮತ್ತೊಬ್ಬರಿಗೆ ಈ ಅಂಗಡಿ ಅಗ್ಗ. ಇಬ್ಬರು ಹೇಳುವುದೂ ಸರಿಯಾಗಿರಬಹುದು. ಅಂಗಡಿ ಅಗ್ಗವೇ ಎಂದು ಕೇಳುವುದಕ್ಕಿಂತ, ನಮ್ಮ ಚೀಟಿಗೆ ಅದು ಅಗ್ಗವೇ ಎಂದು ಕೇಳಬೇಕು.

ಇದನ್ನು ತಿಳಿಯಲು ಪ್ಲಸ್ ಟು ಮಕ್ಕಳು ಕಲಿಯುವ ಮಾತೃಕೆಯ ಗುಣಾಕಾರ ಸಾಕು. ಅಂಕೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿಟ್ಟ ಚೌಕಕ್ಕೆ ಮಾತೃಕೆ ಎನ್ನುತ್ತಾರೆ. ಇಂಗ್ಲೆಂಡಿನ ಸಿಲ್ವೆಸ್ಟರ್ ಎಂಬವರು ೧೮೫೦ರಲ್ಲಿ ಇದಕ್ಕೆ ಹೆಸರಿಟ್ಟರು. ಅವರ ಸ್ನೇಹಿತ ಆರ್ಥರ್ ಕೇಲಿಯವರು ೧೮೫೮ರಲ್ಲಿ ಇದರ ಗಣಿತವನ್ನು ಪ್ರಬಂಧವಾಗಿ ಬರೆದರು. ಹೆಸರು ದೊಡ್ಡದು, ಕೆಲಸ ಕೂಡುವುದು ಗುಣಿಸುವುದು ಅಷ್ಟೆ.

ಮೊದಲು ಬೇಡಿಕೆಯ ಪಟ್ಟಿ, ಕಿಲೋ ಲೆಕ್ಕದಲ್ಲಿ. ಸಾಮಾನಿನ ಕ್ರಮ ಹೀಗೆ: ಮೈಲುತುತ್ತು, ಸುಣ್ಣ, ಬೇವಿನ ಹಿಂಡಿ.

ಒಂದನೆಯ ಮನೆ: ೩೦, ೩೦, ೧೦೦
ಎರಡನೆಯ ಮನೆ: ೫, ೫, ೨೦೦

ಬಳಿಕ ಕ್ರಯದ ಪಟ್ಟಿ, ಕಿಲೋಗೆ ರೂಪಾಯಿ. ಮೊದಲಿನದು ಊರ ಪೇಟೆ, ಎರಡನೆಯದು ಪುತ್ತೂರು. (ಇವು ಲೆಕ್ಕಕ್ಕಾಗಿ ಹಿಡಿದ ಅಂಕೆಗಳು. ತಾವು ವಿಚಾರಿಸಿದ ಕ್ರಯವನ್ನು ಇದೇ ಜಾಗದಲ್ಲಿ ಬರೆದುಕೊಳ್ಳಿರಿ.)

ಮೈಲುತುತ್ತು: ೩೧೦, ೨೮೦
ಸುಣ್ಣ: ೧೮, ೨೪
ಬೇವಿನ ಹಿಂಡಿ: ೩೦, ೩೧

ಮನೆಯ ಅಡ್ಡಸಾಲನ್ನು ಅಂಗಡಿಯ ಕಂಬಸಾಲಿನೊಡನೆ ಜೋಡಿಸಿ, ಮೊದಲನೆಯದರಿಂದ ಮೊದಲನೆಯದನ್ನು, ಎರಡನೆಯದರಿಂದ ಎರಡನೆಯದನ್ನು ಗುಣಿಸುತ್ತ ಹೋಗಿ, ಎಲ್ಲವನ್ನೂ ಕೂಡಬೇಕು. ಒಂದನೆಯ ಮನೆಗೆ ಊರ ಪೇಟೆಯಲ್ಲಿ: ೩೦×೩೧೦ + ೩೦×೧೮ + ೧೦೦×೩೦ = ೧೨,೮೪೦. ಉಳಿದ ಮೂರನ್ನೂ ಹೀಗೆಯೇ ಮಾಡಿದರೆ,

ಒಂದನೆಯ ಮನೆ: ೧೨,೮೪೦, ೧೨,೨೨೦
ಎರಡನೆಯ ಮನೆ: ೭,೬೪೦ ; ೭,೭೨೦

ಒಂದನೆಯ ಮನೆಗೆ ಪುತ್ತೂರಿನಲ್ಲಿ ೬೨೦ ರೂಪಾಯಿ ಉಳಿತಾಯ, ಎರಡನೆಯ ಮನೆಗೆ ಊರಿನಲ್ಲೇ ೮೦ ರೂಪಾಯಿ ಉಳಿತಾಯ. ಮೈಲುತುತ್ತು ಹೆಚ್ಚು ಬೇಕಾದವರಿಗೂ ಹಿಂಡಿ ಹೆಚ್ಚು ಬೇಕಾದವರಿಗೂ ಒಂದೇ ಅಂಗಡಿ ಒಪ್ಪಲಿಲ್ಲ ನೋಡಿ.

ಇನ್ನು ಬಾಡಿಗೆ. ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಎಡವುವುದು ಇಲ್ಲಿಯೇ. ಬಾಡಿಗೆಯನ್ನೂ ಒಂದು ಸಾಮಾನೆಂದೇ ತಿಳಿದು, ಬೇಡಿಕೆಯ ಸಾಲಿನ ಕೊನೆಗೆ ೧ ಎಂದು ಬರೆಯಿರಿ. ಕ್ರಯದ ಪಟ್ಟಿಯ ಕೆಳಗೆ ಪಿಕಪ್ ಬಾಡಿಗೆ ೩೦೦, ೧೨೦೦ ಎಂದು ಬರೆಯಿರಿ. ಈಗ ಒಂದನೆಯ ಮನೆಗೆ ಊರಿನಲ್ಲಿ ೧೩,೧೪೦, ಪುತ್ತೂರಿನಲ್ಲಿ ೧೩,೪೨೦. ಅಗ್ಗದ ಮೈಲುತುತ್ತನ್ನು ಬಾಡಿಗೆ ನುಂಗಿತು!

ಒಂದನೆಯ ಮನೆಯಂಥವೇ ಮೂರು ಮನೆಗಳು ಒಟ್ಟಾದರೆ? ಸಾಮಾನು ೯೦, ೯೦, ೩೦೦ ಆಗುತ್ತದೆ. ಬಾಡಿಗೆಯ ಅಂಕೆ ಮಾತ್ರ ೧ ಆಗಿಯೇ ಉಳಿಯುತ್ತದೆ, ಐದು ಕ್ವಿಂಟಲಿಗೂ ಕಡಿಮೆಯಾದ ಈ ಹೊರೆ ಒಂದೇ ಪಿಕಪ್ಪಿಗೆ ಸಾಕಲ್ಲ. ಪುತ್ತೂರಿನಿಂದ ತಂದರೆ ೩೭,೮೬೦. ಮೂವರೂ ಬೇರೆಬೇರೆಯಾಗಿ ಊರಿನಲ್ಲಿ ಕೊಂಡಿದ್ದರೆ ೩೯,೪೨೦. ಮನೆಗೆ ೫೨೦ ರೂಪಾಯಿ ಉಳಿಯಿತು.

ಹಿಂಡಿಯೇ ಹೆಚ್ಚಾಗಿರುವ ಎರಡನೆಯ ಮನೆಯವರನ್ನೂ ಸೇರಿಸಬಹುದೇ? ಅವರ ಸಾಮಾನಿಗೆ ಪುತ್ತೂರಿನಲ್ಲಿ ೮೦ ರೂಪಾಯಿ ಹೆಚ್ಚು ಬೀಳುವುದು ನಿಜ. ಆದರೆ ಅವರು ಒಬ್ಬರೇ ಊರ ಪೇಟೆಗೆ ಹೋದರೆ ಬಾಡಿಗೆಗೆ ೩೦೦ ಕೊಡಬೇಕು. ಆದುದರಿಂದ ಸೇರಿದರೆ ಒಟ್ಟಿನಲ್ಲಿ ೨೨೦ ರೂಪಾಯಿ ಉಳಿತಾಯವೇ ಆಗುತ್ತದೆ. ಬಾಡಿಗೆಯನ್ನು ಹಂಚುವಾಗ ಅವರ ಪಾಲನ್ನು ೨೨೦ಕ್ಕಿಂತ ಕೆಳಗೆ ಇಟ್ಟರೆ ಅವರಿಗೂ ಲಾಭ, ಉಳಿದವರಿಗೂ ಲಾಭ.

ಲೆಕ್ಕ ಹಾಕುವಾಗ ಎರಡು ಸಂಗತಿ ನೋಡಿಕೊಳ್ಳಬೇಕು. ಎರಡೂ ಪಟ್ಟಿಯಲ್ಲಿ ಸಾಮಾನಿನ ಕ್ರಮ ಒಂದೇ ಇರಬೇಕು. ಒಂದರಲ್ಲಿ ಸುಣ್ಣ ಮೊದಲು, ಇನ್ನೊಂದರಲ್ಲಿ ಮೈಲುತುತ್ತು ಮೊದಲಾದರೆ ಉತ್ತರವೆಲ್ಲ ಸುಳ್ಳು. ಅಳತೆಯೂ ಒಂದೇ ಇರಬೇಕು. ಒಬ್ಬ ವ್ಯಾಪಾರಿ ೪೦ ಕಿಲೋ ಚೀಲದ ಕ್ರಯ, ಇನ್ನೊಬ್ಬ ೫೦ ಕಿಲೋ ಚೀಲದ ಕ್ರಯ ಹೇಳಿದರೆ, ಕಿಲೋಗೆ ಎಷ್ಟೆಂದು ಭಾಗಿಸಿಕೊಂಡೇ ಬರೆಯಿರಿ.

ಸುಣ್ಣದ ಗುಣವನ್ನು ಈ ಪಟ್ಟಿ ತಿಳಿಸಲಾರದು. ಹಳೆಯ, ಗಾಳಿ ತಾಗಿ ಸತ್ವ ಕಳೆದುಕೊಂಡ ಸುಣ್ಣ ಅಗ್ಗಕ್ಕೆ ಸಿಕ್ಕಿದರೂ ಹೆಚ್ಚು ಹಾಕಬೇಕಾಗುತ್ತದೆ. ದ್ರಾವಣ ತಯಾರಾದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದೇ ಅರ್ಥ. ಹಾಗೆ ಹೆಚ್ಚು ಹಿಡಿಯುವ ಸುಣ್ಣವಾದರೆ ಬೇಡಿಕೆಯ ಸಾಲಿನಲ್ಲಿ ೩೦ರ ಬದಲು ೩೫ ಎಂದೋ ೪೦ ಎಂದೋ ತಿದ್ದಿ ಇನ್ನೊಮ್ಮೆ ಗುಣಿಸಿ ನೋಡಿರಿ. ಇದೆಲ್ಲ ಮೇ ತಿಂಗಳ ನಡುವಿನೊಳಗೆ ಮುಗಿಯಲಿ. ಮಳೆ ಹಿಡಿದ ಮೇಲೆ ಕ್ರಯ ವಿಚಾರಿಸುತ್ತ ಕೂತರೆ ಕೊಳೆರೋಗ ಕಾಯುವುದಿಲ್ಲ.