ಬಲಿಯೂ ಪ್ರೀತಿಯೂ

ಕ್ರೈಸ್ತಮತವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ಪಾಲಕರೂ ಕೇಳುವ ಪ್ರಶ್ನೆಗಳಲ್ಲಿ ಒಂದು ಬಹು ಮುಖ್ಯವಾದುದು. ದೇವರು ಪ್ರೀತಿಸ್ವರೂಪನೆಂದು ಹೇಳುತ್ತೀರಲ್ಲವೆ, ಹಾಗಿದ್ದ ಮೇಲೆ ಅವನಿಗೆ ಬಲಿ ಏತಕ್ಕೆ ಬೇಕಾಯಿತು? ಮಗನ ರಕ್ತವನ್ನೇ ಕೇಳಿದ ತಂದೆಯನ್ನು ಪ್ರೀತಿಯುಳ್ಳವನೆಂದು ಕರೆಯುವುದು ಹೇಗೆ? ಪ್ರಶ್ನೆಯು ನ್ಯಾಯವಾದುದೇ. ಇದನ್ನು ಕೇಳುವವರೆಲ್ಲರೂ ಅನ್ಯಮತದವರೆಂದು ತಿಳಿಯಬಾರದು. ಕ್ರೈಸ್ತ ಮನೆಗಳಲ್ಲಿ ಹುಟ್ಟಿ ಶುಭ ಶುಕ್ರವಾರದ ಆರಾಧನೆಗೆ ತಪ್ಪದೆ ಬರುವವರ ಮನಸ್ಸಿನಲ್ಲಿಯೂ ಈ ಶಂಕೆ ಉಂಟು. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ ಭೇದ.

ಬಲಿಯೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ಸೀಮೆಯವರ ನೆನಪಿಗೆ ಬರುವುದು ಹರಕೆ. ಮಳೆ ಬಾರದಿದ್ದರೆ, ಕೂಸಿಗೆ ಜ್ವರ ಇಳಿಯದಿದ್ದರೆ, ಮಂದೆಗೆ ರೋಗ ತಗುಲಿದರೆ ಮನುಷ್ಯನು ಹರಕೆ ಹೊರುತ್ತಾನೆ. ಯಾದಗಿರಿಗೆ ಸಮೀಪದ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಯ ಹೊತ್ತಿಗೆ ಹರಕೆಯ ಕುರಿಮರಿಗಳನ್ನು ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಎಸೆಯುವ ವಾಡಿಕೆ ಬಹುಕಾಲದಿಂದ ನಡೆದುಬಂದಿತ್ತು. ಜಿಲ್ಲಾಡಳಿತವು ಅದನ್ನು ನಿಷೇಧಿಸಿ, ಮರಿಗಳನ್ನು ದಾರಿಯಲ್ಲಿಯೇ ತಡೆಯುವ ಏರ್ಪಾಡು ಮಾಡಿದೆ. ಆ ಕುರಿಗಾರನ ಭಕ್ತಿಯನ್ನು ನಾನು ಹಳಿಯುವವಳಲ್ಲ. ತನ್ನ ಮಂದೆಯಲ್ಲಿ ಹುಟ್ಟಿದ ಮರಿಯನ್ನು ಕೊಡುವವನು ತನ್ನ ಜೀವನದ ಒಂದಂಶವನ್ನೇ ಕೊಡುತ್ತಾನೆ. ಆದರೆ ಅಲ್ಲಿ ಕೊಡುವವನು ಮನುಷ್ಯನು, ಕೊಳ್ಳುವವನು ದೇವರು ಎಂಬುದನ್ನು ಮಾತ್ರ ಗುರುತಿಸಿಕೊಳ್ಳಬೇಕು.

ಪೂರ್ವಕಾಲದ ಇಸ್ರಾಯೇಲ್ಯರಲ್ಲಿಯೂ ಬಲಿಗಳಿದ್ದುವು. ವರುಷಕ್ಕೊಮ್ಮೆ ಬರುವ ದೋಷಪರಿಹಾರದ ದಿನದಲ್ಲಿ ಎರಡು ಹೋತಗಳನ್ನು ತಂದು, ಒಂದನ್ನು ವಧಿಸುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಕೈಗಳನ್ನಿಟ್ಟು ಜನರ ಪಾಪಗಳನ್ನು ಅರಿಕೆಮಾಡಿ ಅದನ್ನು ಅಡವಿಗೆ ಅಟ್ಟಿಬಿಡುತ್ತಿದ್ದನು. ಇದು ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿದೆ. ಮುಂದಿನ ಅಧ್ಯಾಯವನ್ನು ಓದುವಾಗ ನಮ್ಮವರು ಒಂದು ಮಾತನ್ನು ಗಮನಿಸದೆ ದಾಟಿಹೋಗುತ್ತಾರೆ. ಯಜ್ಞವೇದಿಯ ಮೇಲಿನ ರಕ್ತವನ್ನು ಜನರಿಗಾಗಿ ಕೊಟ್ಟವನು ತಾನೇ ಎಂದು ಅಲ್ಲಿ ದೇವರು ಹೇಳಿಕೊಳ್ಳುತ್ತಾನೆ. ಪ್ರವಾದಿಗಳ ಕಾಲಕ್ಕೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೀಕನ ಗ್ರಂಥದಲ್ಲಿ ಒಬ್ಬನು ತನ್ನ ಪಾಪಕ್ಕಾಗಿ ಟಗರುಗಳನ್ನು ಕೊಡಲೋ, ಎಣ್ಣೆಯನ್ನು ಹೊಳೆಯಾಗಿ ಹರಿಸಲೋ, ಕಡೆಗೆ ಚೊಚ್ಚಲು ಮಗುವನ್ನೇ ಒಪ್ಪಿಸಲೋ ಎಂದು ಕೇಳುತ್ತಾನೆ. ಬರುವ ಉತ್ತರವು ಇವೊಂದನ್ನೂ ಕೇಳದೆ, ನ್ಯಾಯವನ್ನೂ ಕರುಣೆಯನ್ನೂ ದೀನಭಾವವನ್ನೂ ಕೇಳುತ್ತದೆ.

ಹಾಗಾದರೆ ಶಿಲುಬೆ ಏತಕ್ಕೆ? ಈ ಭಾಗವನ್ನು ನಿಧಾನವಾಗಿ ವಿಚಾರಿಸಬೇಕು. ಒಬ್ಬ ಸಾಹುಕಾರನು ಬಡ ಒಕ್ಕಲಿಗನ ಸಾಲಪತ್ರವನ್ನು ಹರಿದುಹಾಕಿದನೆನ್ನೋಣ. ಒಕ್ಕಲಿಗನಿಗೆ ಋಣವು ತೀರಿತು. ಹಣವು ಎಲ್ಲಿಗೆ ಹೋಯಿತು? ಅದು ಗಾಳಿಯಲ್ಲಿ ಕರಗಿಹೋಗಲಿಲ್ಲ. ಕ್ಷಮಿಸಿದವನೇ ಆ ನಷ್ಟವನ್ನು ಹೊತ್ತನು. ಮನೆಗೆ ದ್ರೋಹಮಾಡಿದ ಮಗನನ್ನು ತಾಯಿಯು ಮರಳಿ ಒಳಗೆ ಕರೆದುಕೊಳ್ಳುವಾಗ ಆ ನೋವು ಯಾರದು? ತಾಯಿಯದೇ. ಕ್ಷಮೆಯ ಬೆಲೆಯನ್ನು ಕ್ಷಮಿಸುವವನೇ ತೆರುತ್ತಾನೆ. ಯೇಸುಕ್ರಿಸ್ತನ ಮರಣವನ್ನು ಅಪೊಸ್ತಲನಾದ ಪೌಲನು ಹೀಗೆಯೇ ತಿಳಿದಿದ್ದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಳ್ಳುವ ಕಾರ್ಯದಲ್ಲಿ ದೇವರು ತಾನೇ ಕ್ರಿಸ್ತನಲ್ಲಿದ್ದನೆಂದು ಅವನು ಹೇಳುತ್ತಾನೆ. ನಮ್ಮ ಕೆಲವು ಉಪದೇಶಿಗಳು ಕೋಪಿಷ್ಠನಾದ ದೊರೆಯೊಬ್ಬನು ಕತ್ತಿ ಎತ್ತಿದಂತೆಯೂ, ಕನಿಕರವುಳ್ಳ ರಾಜಕುಮಾರನು ನಡುವೆ ಬಂದು ಏಟನ್ನು ತಿಂದಂತೆಯೂ ವರ್ಣಿಸುವುದುಂಟು. ಕೇಳುವವರು ಕಣ್ಣೀರಿಡಬಹುದು, ಆದರೆ ಅದು ಸುವಾರ್ತೆಯಲ್ಲ. ತಂದೆಯ ಮನಸ್ಸು ಒಂದು, ಮಗನ ಮನಸ್ಸು ಮತ್ತೊಂದು ಆಗಿರಲಿಲ್ಲ. ಏಟನ್ನು ತಿಂದುದು ದೇವರ ಪ್ರೀತಿಯೇ.

ಈ ದೇಶದ ಭಾಷೆಯಲ್ಲಿ ಇದನ್ನು ಹೇಳಲು ಯತ್ನಿಸಿದವರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಪಂಡಿತರನ್ನು ನೆನೆಯಬೇಕು. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ಎಲ್ಲರೂ ಬಲ್ಲರು. ಯಜ್ಞವಿಚಾರವನ್ನೇ ವಸ್ತುವಾಗಿಟ್ಟುಕೊಂಡು 1872ರಲ್ಲಿ ಅವರು ಪ್ರಕಟಿಸಿದ ‘ಯಜ್ಞಸುಧಾನಿಧಿ’ಯನ್ನು ಬಲ್ಲವರು ಕಡಿಮೆ. ಯಜ್ಞವೆಂಬ ಮಾತು ಈ ಜನರಿಗೆ ಹೊಸದಲ್ಲವೆಂಬುದನ್ನು ಅವರು ಅರಿತಿದ್ದರು.

ನಮಗಾದರೋ ಅಷ್ಟು ದೂರ ಹೋಗಬೇಕಾದುದಿಲ್ಲ. ಸುರಪುರ ತಾಲ್ಲೂಕಿನ ಮುದನೂರು ದೇವರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಹಿಂದೆ ಬಾಳಿದ ಈ ನೇಕಾರ ಶರಣರ ವಿಷಯದಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಬಹುಕಾಲ ಶ್ರಮಿಸಿ ನೇಯ್ದ ದಿವ್ಯವಾದ ವಸ್ತ್ರವೊಂದನ್ನು ಅವರು ಸಂತೆಗೆ ಒಯ್ದರಂತೆ. ಅದಕ್ಕೆ ಬೆಲೆ ಕಟ್ಟುವವರೇ ಸಿಕ್ಕಲಿಲ್ಲ. ಮರಳಿ ಬರುವಾಗ ಚಳಿಯಿಂದ ನಡುಗುತ್ತಿದ್ದ ಮುದಿ ಜಂಗಮನೊಬ್ಬನು ಬೇಡಲು, ಅದನ್ನು ಅವನಿಗೇ ಕೊಟ್ಟರು. ಅವನು ಅವರ ಕಣ್ಣೆದುರಿಗೇ ಅದನ್ನು ಚೂರುಚೂರಾಗಿ ಹರಿದನು. ದಾಸಿಮಯ್ಯನವರು ಮುನಿಯಲಿಲ್ಲ. ಬಂದವನು ಶಿವನೇ ಆಗಿದ್ದು, ಮೆಚ್ಚಿ, ಎಂದಿಗೂ ತೀರದ ತವನಿಧಿಯನ್ನು ಅನುಗ್ರಹಿಸಿದನೆಂದು ಕಥೆ ಮುಗಿಯುತ್ತದೆ. ಕೊಟ್ಟ ಮೇಲೆ ಅದರ ಗತಿ ಏನಾಯಿತೆಂದು ಲೆಕ್ಕ ಕೇಳದ ದಾನವು ಎಂಥದೆಂಬುದನ್ನು ನಮ್ಮ ಹುಡುಗಿಯರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಕಥೆಯನ್ನು ನಾನು ಅರಿಯೆನು. ಯೋಹಾನನ ಸುವಾರ್ತೆಯಲ್ಲಿಯೂ ನೇಯ್ದ ಬಟ್ಟೆಯೊಂದಿದೆ: ಮೇಲಿಂದ ಕೆಳಗಿನವರೆಗೆ ಹೊಲಿಗೆಯಿಲ್ಲದ ಯೇಸುವಿನ ಒಳಂಗಿ. ಸಿಪಾಯಿಗಳು ಅದನ್ನು ಹರಿಯದೆ ಚೀಟಿ ಹಾಕಿದರು. ಹರಿದುದು ಅದನ್ನು ತೊಟ್ಟಿದ್ದವನ ದೇಹವನ್ನು. ಮುದನೂರಿನ ಕಥೆಯಲ್ಲಿ ಭಕ್ತನು ಕೊಟ್ಟನು, ದೇವರು ಹರಿದನು. ಇಲ್ಲಿ ದೇವರು ಕೊಟ್ಟನು, ಹರಿದವರು ಮನುಷ್ಯರು.

ಇನ್ನೊಂದು ಸಂಗತಿಯುಂಟು, ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳದೆ ಬಿಡುವುದು ಸರಿಯಲ್ಲ. ತನ್ನ ಪ್ರಾಣವನ್ನು ಯಾರೂ ತನ್ನಿಂದ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಅದನ್ನು ಕೊಡುತ್ತೇನೆ ಎಂಬರ್ಥದ ಮಾತನ್ನು ಯೇಸುಸ್ವಾಮಿಯು ಸ್ಪಷ್ಟವಾಗಿ ಆಡಿದನು. ಶಕ್ತಿಯುಳ್ಳವನು ಶಕ್ತಿಹೀನರಿಗಾಗಿ, ಸ್ವಂತ ಇಚ್ಛೆಯಿಂದ, ತನ್ನದನ್ನೇ ಕೊಟ್ಟನು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಆ ಪ್ರೀತಿಯಲ್ಲ. ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯದಲ್ಲಿ ಯೆಪ್ತಾಹನೆಂಬ ಸೇನಾಪತಿಯು ಯುದ್ಧಕ್ಕೆ ಹೋಗುವಾಗ, ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಮೊದಲು ಎದುರುಗೊಳ್ಳಲು ಬಂದುದನ್ನು ಅರ್ಪಿಸುವೆನೆಂದು ಹರಕೆ ಹೊತ್ತನು. ದಮ್ಮಡಿ ಬಡಿಯುತ್ತ, ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು. ಹರಕೆ ತಂದೆಯದು, ಪ್ರಾಣ ಮಗಳದು. ಸತ್ಯವೇದವು ಆಕೆಯ ಹೆಸರನ್ನು ಕೂಡ ಹೇಳುವುದಿಲ್ಲ. ಇಸ್ರಾಯೇಲಿನ ಹೆಣ್ಣುಮಕ್ಕಳು ಪ್ರತಿವರುಷ ನಾಲ್ಕು ದಿನ ಆಕೆಗಾಗಿ ಹೋಗುತ್ತಿದ್ದರೆಂದು ಮಾತ್ರ ಬರೆದಿದೆ. ಅದನ್ನು ಮಾದರಿಯೆಂದು ಹೇಳುವುದಿಲ್ಲ.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಕಡೆಗೆ ‘ತ್ಯಾಗ’ವೆಂಬ ದೊಡ್ಡ ಮಾತು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೇ ಬಂದಿದೆ. ತಮ್ಮನು ಓದಬೇಕಾದರೆ ಅಕ್ಕನು ತ್ಯಾಗಮಾಡಬೇಕು. ಹೊಲದ ಸಾಲ ತೀರಬೇಕಾದರೆ ಹದಿನಾಲ್ಕರ ಹುಡುಗಿಯು ಮದುವೆಗೆ ಒಪ್ಪಬೇಕು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮುತ್ತು ಕಟ್ಟಿ ಮಗಳನ್ನೇ ದೇವಿಗೆ ಬಿಡುತ್ತಿದ್ದರು. ಅದನ್ನು ನಿಲ್ಲಿಸಲು 1982ರ ಕಾಯಿದೆ ಬೇಕಾಯಿತು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 41 ಮಾತ್ರ. ಒಟ್ಟು ಅಕ್ಷರಸ್ಥರ ಲೆಕ್ಕದಲ್ಲಿಯೂ ರಾಜ್ಯದಲ್ಲಿ ಎಲ್ಲಕ್ಕೂ ಹಿಂದಿದ್ದ ಜಿಲ್ಲೆ ಇದೇ. ಉಳಿದವರೆಲ್ಲರೂ ತ್ಯಾಗಮಾಡಿದವರೆಂದು ಹೇಳಿದರೆ ನಾನು ಒಪ್ಪುವುದಿಲ್ಲ. ಅವರನ್ನು ಕೇಳಿದವರು ಯಾರು? ಒಂಬತ್ತನೆಯ ತರಗತಿಯ ನಡುವೆ ಮಗಳ ದಾಖಲೆಯನ್ನು ಬಿಡಿಸಿಕೊಳ್ಳಲು ಬರುವ ಕ್ರೈಸ್ತ ತಂದೆಯು, ಮಗಳು ಶಿಲುಬೆಯನ್ನು ಹೊರುವುದನ್ನು ಕಲಿಯಲಿ ಎಂದರೆ, ಶಿಲುಬೆಯನ್ನು ಹೊತ್ತವನು ಅದನ್ನು ಇನ್ನೊಬ್ಬರ ಹೆಗಲಿಗೆ ವಹಿಸಲಿಲ್ಲವೆಂದು ನಾನು ಉತ್ತರ ಕೊಡುತ್ತೇನೆ. ಸಿಮೋನನನ್ನು ಹಿಡಿದು ಹೊರಿಸಿದವರು ರೋಮಿನ ಸಿಪಾಯಿಗಳು.

ಬೇರೆ ಬಗೆಯ ಪಾಲಕರನ್ನೂ ನಾನು ಬಲ್ಲೆನು. ಸುಗ್ಗಿ ಮುಗಿದ ಮೇಲೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗುವ ಸಂಸಾರಗಳು ನಮ್ಮಲ್ಲಿ ಬಹಳ. ಮಗಳು ಜೊತೆಗೆ ಬಂದರೆ ಅಡಿಗೆಗೂ ಚಿಕ್ಕ ಕೂಸನ್ನು ಎತ್ತಿಕೊಳ್ಳುವುದಕ್ಕೂ ಒಂದು ಕೈ ಸಿಕ್ಕುತ್ತದೆ. ಆದರೂ ಕೆಲವರು ತಾಯಂದಿರು ಮಗಳನ್ನು ಅಜ್ಜಿಯ ಬಳಿಯಲ್ಲಿಯೋ ವಸತಿಗೃಹದಲ್ಲಿಯೋ ಇರಿಸಿ, ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ತಾವೇ ಮಣ್ಣು ಹೊರುತ್ತಾರೆ. ಇವರಲ್ಲಿ ಹಲವರು ಸತ್ಯವೇದವನ್ನು ಒಮ್ಮೆಯೂ ತೆರೆದವರಲ್ಲ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವನ್ನು ಪಾಠ ಹೇಳುವಾಗ ಉದಾಹರಣೆ ಬೇಕಾದರೆ, ಹೆಸರು ಹೇಳದೆ, ಇವರ ವಿಷಯವನ್ನೇ ಹೇಳುತ್ತೇನೆ. ಕೇಳುತ್ತ ಕುಳಿತವರಲ್ಲಿ ಅವರ ಹೆಣ್ಣುಮಕ್ಕಳೂ ಇರುತ್ತಾರೆ.