ಬಯಲಿನ ಕಾಲಿಗೆ ಮಲೆನಾಡಿನ ಏರು

ಊರಿನಲ್ಲಿ ದಿನಕ್ಕೆ 20 ಕಿ.ಮೀ. ಸೈಕಲ್ ತುಳಿದರೂ ದಣಿಯದ ದಾವಣಗೆರೆಯ ತರುಣ, ನರಸಿಂಹರಾಜಪುರದಿಂದ ಕೊಪ್ಪದ ಕಡೆ ಹೊರಟ ಅರ್ಧ ಗಂಟೆಯಲ್ಲೇ ಏದುಸಿರು ಬಿಡುತ್ತಾನೆ. ಕಾಲಿನಲ್ಲಿ ಬಲವಿಲ್ಲವೆಂದಲ್ಲ, ಆ ಬಗೆಯ ಕೆಲಸ ಅದಕ್ಕೆ ರೂಢಿಯಿಲ್ಲ, ಅಷ್ಟೆ.

ಸಮತಟ್ಟಾದ ರಸ್ತೆಯಲ್ಲಿ ನಿಮ್ಮ ಮುಖ್ಯ ಎದುರಾಳಿ ಗಾಳಿ. ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ತುಸು ದೂರ ತಾನಾಗಿ ಸಾಗುತ್ತದೆ. ಏರಿನಲ್ಲಿ ಮೈಭಾರವನ್ನೇ ಎತ್ತಬೇಕು. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ 1 ಕಿ.ಮೀ. ಹೋದರೆ, ನಿಮ್ಮದೂ ಸೈಕಲ್ಲಿನದೂ ಸೇರಿ 75 ಕಿಲೊ ಭಾರವನ್ನು ಹದಿನೈದು ಅಂತಸ್ತಿನ ಎತ್ತರಕ್ಕೆ ಹೊತ್ತಂತೆ. ತೂಕ ಕಡಿಮೆಯಾದಷ್ಟೂ ಏರು ಸುಲಭ. ಹಾಗೆಂದು ಎರಡು ಕಿಲೊ ಹಗುರವಾದ ಸೈಕಲ್ಲಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಸ್ವಂತ ಹೊಟ್ಟೆಯತ್ತ ಒಮ್ಮೆ ನೋಡಿಕೊಳ್ಳುವುದು ಮೇಲು!

ತುಂಗೆಯ ದಡದ ಶೃಂಗೇರಿ, ಭದ್ರೆಯ ಹಿನ್ನೀರಿನ ಬದಿಯ ನರಸಿಂಹರಾಜಪುರ, ಇವೆರಡಕ್ಕಿಂತಲೂ ಎತ್ತರದಲ್ಲಿದೆ ಕೊಪ್ಪ. ನಡುವಿನ ದಾರಿ ಒಂದೇ ಸಮನೆ ಏರುವುದಿಲ್ಲ. ಏರು, ತಿರುವು, ಇಳಿಜಾರು, ಮತ್ತೆ ಏರು. ಉಸಿರು ಹದಕ್ಕೆ ಬರುವಷ್ಟರಲ್ಲಿ ಮುಂದಿನದು ಎದುರಾಗುತ್ತದೆ.

ಬಯಲಿನಲ್ಲೇ ಇದಕ್ಕೆ ಸಿದ್ಧರಾಗಬಹುದು. ಎದುರುಗಾಳಿಯೇ ನಿಮ್ಮ ಗುಡ್ಡ. ನಾಲೆಯ ಏರಿಯ ಮೇಲೆ ಗಾಳಿಗೆದುರಾಗಿ, ಸ್ವಲ್ಪ ಭಾರದ ಗೇರಿನಲ್ಲಿ, ಆಸನ ಬಿಟ್ಟೇಳದೆ ಐದು ನಿಮಿಷ ತುಳಿಯಿರಿ. ಐದು ನಿಮಿಷ ಹಗುರಾಗಿ ಸಾಗಿ. ಮೊದಲು ಮೂರು ಸಲ, ವಾರಗಳು ಕಳೆದಂತೆ ಐದಾರು ಸಲ. ವಾರಕ್ಕೆ ಎರಡು ದಿನ ಸಾಕು, ನಡುವೆ ಬಿಡುವಿರಲಿ. ಊರಿನಲ್ಲಿ ಮೇಲ್ಸೇತುವೆ ಇದ್ದರೆ ಮುಂಜಾನೆ ವಾಹನ ಕಡಿಮೆಯಿರುವಾಗ ಹತ್ತಿಳಿಯಿರಿ. ಮೆಟ್ಟಿಲು ಹತ್ತುವುದೂ ತೊಡೆಗೆ ಒಳ್ಳೆಯದು. ಎರಡು ತಿಂಗಳಲ್ಲಿ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮೊಣಕಾಲನ್ನು ಮರೆಯಬೇಡಿ. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗಿದ್ದು, ತುಸುವೇ ಬಾಗಿರಬೇಕು. ಆಸನ ತೀರ ಕೆಳಗಿದ್ದರೆ, ಗೇರು ಅತಿಭಾರವಾದರೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ನೋವನ್ನು ತುಳಿದೇ ಕಳೆಯುತ್ತೇನೆ ಎನ್ನುವುದು ಹುಂಬತನ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಲಿ. ಏರುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ, ನೆರವು ಕೇಳಿ. ಗೇರಿಲ್ಲದ ಸೈಕಲ್ಲಿನವರು ಇಳಿದು ತಳ್ಳಿದರೆ ನಾಚಿಕೆಯೇನಿಲ್ಲ.

ಬಯಲಿನವರಿಗೆ ನಿಜವಾದ ಗಂಡಾಂತರ ಇರುವುದು ಇಳಿಜಾರಿನಲ್ಲಿ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನೊಳಗಲ್ಲ. ಎರಡೂ ಬ್ರೇಕ್‌ಗಳನ್ನು ಬಿಟ್ಟು ಬಿಟ್ಟು ಹಿಡಿಯಿರಿ. ಬರಿಯ ಮುಂದಿನದನ್ನು ಜಗ್ಗಿದರೆ ತಲೆಕೆಳಗಾಗಿ ಬೀಳುವುದುಂಟು. ಹೆಲ್ಮೆಟ್ ಬೇಕೇ ಬೇಕು. ಮಳೆಗಾಲದಲ್ಲಿ ಪಾಚಿ, ಕೊಳೆತ ಎಲೆಗಳಿಂದ ರಸ್ತೆಯಂಚು ಜಾರುತ್ತದೆ. ಅಕ್ಟೋಬರ್, ನವೆಂಬರ್ ವಾಸಿ.

ಬೇಸಿಗೆ ರಜೆಯಲ್ಲಿ ಹೊರಡುವವರು ಇನ್ನೊಂದು ಮಾತು ಕೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನ ಕಡಿತದಿಂದ, ಹೆಚ್ಚಾಗಿ ಜನವರಿಯಿಂದ ಮೇ ತನಕ. ದಣಿವಾಯಿತೆಂದು ಕಾಡಿನಂಚಿನ ತರಗೆಲೆಯ ಮೇಲೆ ಒರಗಬೇಡಿ, ಪೇಟೆಯ ಬೆಂಚಿನ ಮೇಲೆ ಕುಳಿತು ನೀರು ಕುಡಿಯಿರಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯಬೇಡಿ, ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ಊರಿಗೆ ಮರಳಿದ ಹತ್ತು ದಿನಗಳೊಳಗೆ ಥಟ್ಟನೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಸೈಕಲ್ ತುಳಿದ ಆಯಾಸವೆಂದು ಮಲಗಿಬಿಡಬೇಡಿ. ಆಸ್ಪಿರಿನ್ ನುಂಗದೆ ವೈದ್ಯರ ಬಳಿ ಹೋಗಿ, ಮಲೆನಾಡಿನಲ್ಲಿ ಓಡಾಡಿ ಬಂದುದನ್ನು ತಪ್ಪದೆ ಹೇಳಿ.