ಸ್ವಾರಸ್ಯ ವಿವರಿಸಿ: ನಾಲ್ಕು ತಾಲ್ಲೂಕುಗಳಿಂದ ಕಂಡ ವಿಶ್ವವಿದ್ಯಾಲಯ

ಬೆಂಗಳೂರು ವಿಶ್ವವಿದ್ಯಾಲಯವನ್ನು ಪರಿಚಯಿಸುವವರು ಸಾಮಾನ್ಯವಾಗಿ ಜಮೀನಿನಿಂದ ಶುರು ಮಾಡುತ್ತಾರೆ. ಜ್ಞಾನಭಾರತಿ ಆವರಣ ಸುಮಾರು 1100 ಎಕರೆ. ತರಗತಿಯಲ್ಲಿ ಈ ಅಂಕಿ ಹೇಳಿದರೆ ಕೇರಿಯಿಂದ ಬಂದ ಹುಡುಗರು ನಗುತ್ತಾರೆ. ಅವರ ಮನೆಗಳಲ್ಲಿ ಭೂಮಿಯ ಮಾತು ಬಂದರೆ ಅದು ಗುಂಟೆಯ ಮಾತು.

ಸೆಂಟ್ರಲ್ ಕಾಲೇಜು ಮತ್ತು ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು ಒಡಲಾಗಿಸಿಕೊಂಡು, ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಇದು ಹುಟ್ಟಿದ್ದು 1964ರ ಜುಲೈನಲ್ಲಿ. ಜ್ಞಾನಭಾರತಿಗೆ ಬಂದದ್ದು 1973ರಲ್ಲಿ. ಆಮೇಲಿನದು ಪಾಲಾಗುತ್ತ ಹೋದ ಕತೆ. 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರತೊಡಗಿದವು. 2004ರಲ್ಲಿ ತುಮಕೂರು ಬೇರೆಯಾಯಿತು. 2017ರಲ್ಲಿ ಕೇಂದ್ರ, ಉತ್ತರ ಎಂದು ಇನ್ನೆರಡು ವಿಶ್ವವಿದ್ಯಾಲಯಗಳಾದಾಗ ಸೆಂಟ್ರಲ್ ಕಾಲೇಜೂ ಕೈಬಿಟ್ಟಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಮಾತ್ರ ಹಳೆಯ ಮನೆಯಲ್ಲೇ ಉಳಿದವು. ಈ ನಾಲ್ಕು ತಾಲ್ಲೂಕುಗಳ ಜಿಲ್ಲೆ 2007ರಲ್ಲಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದದ್ದು ಬೇರೆ ಮಾತು.

ಇಲ್ಲಿಂದ ನೋಡಿದರೆ ವಿಶ್ವವಿದ್ಯಾಲಯ ಅಂದರೆ ಕಟ್ಟಡವಲ್ಲ, ಸಂಯೋಜನೆ. ಪದವಿ ತರಗತಿಗೆ ಯಾವ ಪಾಠ ಅನ್ನುವುದನ್ನು ಅಧ್ಯಯನ ಮಂಡಳಿ ತೀರ್ಮಾನಿಸುತ್ತದೆ. ಪುಸ್ತಕ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಅಲ್ಲಿಂದ ಬರುತ್ತವೆ. ಉತ್ತರಪತ್ರಿಕೆ ಮಾತ್ರ ಇಲ್ಲಿಂದ ಹೋಗುತ್ತದೆ. ಚನ್ನಪಟ್ಟಣ, ರಾಮನಗರದ ಹುಡುಗರಿಗೆ ಮೈಸೂರು ಮಾರ್ಗದ ರೈಲಾದರೂ ಉಂಟು, ಜ್ಞಾನಭಾರತಿಯ ಹೆಸರಿನ ನಿಲ್ದಾಣವೇ ಆ ದಾರಿಯಲ್ಲಿದೆ. ಕನಕಪುರ, ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ. ಮೂರು ವರ್ಷ ಓದಿ ಪದವಿ ಪಡೆದೂ ವಿಶ್ವವಿದ್ಯಾಲಯದ ಗೇಟು ಕಾಣದವರು ನನ್ನ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆದರೆ ಇದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಹೋದವರು ಸಿದ್ಧಲಿಂಗಯ್ಯ. ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಬಂದ ವರ್ಷದಲ್ಲೇ, 1973ರ ನವೆಂಬರಿನಲ್ಲಿ, ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದು, ಅದಕ್ಕೆ ಎದ್ದ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದದ್ದು. ಆಗ ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ಓದುತ್ತಿದ್ದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಮುಂದೆ ಅವರು ಇದೇ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಮೇಷ್ಟರಾದರು, ಅವರ ಪಿಎಚ್.ಡಿ. ವಿಷಯ ಗ್ರಾಮದೇವತೆಗಳು. ಇದನ್ನು ಬರಿಯ ಸಾಧನೆ ಎಂದು ಓದಿದರೆ ಸಾಲದು. ಜಾನಪದ ಸಂಶೋಧನೆಯಲ್ಲಿ ಕೇರಿ ಯಾವಾಗಲೂ ಆಕರ, ಕೇರಿಯವನು ವಕ್ತೃ, ಸಂಶೋಧಕ ಹೊರಗಿನವನು. ಮಾಹಿತಿ ಕೊಡಬೇಕಾದವನೇ ಪ್ರಬಂಧ ಬರೆದಾಗ ಆ ಏರ್ಪಾಟು ಕದಲಿತು. ಅದೇ ಕೇಂದ್ರದಲ್ಲಿದ್ದ ಅವರ ಗೆಳೆಯ ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ, ಅವಮಾನದ ಜೊತೆಗೆ ತಮ್ಮ ದೇವರು, ಕಲೆ, ನೆನಪುಗಳನ್ನೂ ಬಿಟ್ಟುಕೊಡಬೇಕಾ ಎಂಬ ಪ್ರಶ್ನೆಯನ್ನು ದಲಿತ ಚಳವಳಿಯ ಮುಂದಿಟ್ಟರು.

ಈ ವಿಮರ್ಶೆ ಹುಟ್ಟಿದ ಜಾಗದಿಂದ ನಮ್ಮ ಕಾಲೇಜುಗಳಿಗೆ ಬರುವಷ್ಟರಲ್ಲಿ ಏನಾಗುತ್ತದೆ? ಕವಿತೆ ಪಠ್ಯವಾಗಿ ಬರುತ್ತದೆ, ವಿಮರ್ಶೆ ಬರುವುದಿಲ್ಲ. ಕನ್ನಡ ಪರೀಕ್ಷೆಗಳಲ್ಲಿ ಬಹುಕಾಲದಿಂದ ಬಂದ ಒಂದು ಪ್ರಶ್ನೆಯಿದೆ: ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ. ಪಂಪನಿಗೂ ಅದೇ, ದಲಿತ ಕವಿಗೂ ಅದೇ. ಒಮ್ಮೆ ಹಸಿವಿನ ಕವಿತೆಯೊಂದನ್ನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ಎದ್ದು, "ಸಾ, ಹೊಟ್ಟೆಗಿಲ್ದೆ ಇರೋದ್ರಲ್ಲಿ ಸ್ವಾರಸ್ಯ ಏನೈತೆ?" ಅಂದ. "ಸ್ವಾರಸ್ಯ ಅಂದ್ರೆ ವಿಶೇಷ ಅಂತ ಕಣಪ್ಪ" ಅಂತ ಹೇಳಿ ದಾಟಿಕೊಂಡೆ. ಉತ್ತರ ಅದಲ್ಲ ಅನ್ನುವುದು ಅವನಿಗೂ ಗೊತ್ತಿತ್ತು. ಆ ಪದ ಕವಿತೆಯಿಂದ ದೂರ ನಿಂತು ಸವಿಯುವ ಸಹೃದಯನೊಬ್ಬನನ್ನು ಊಹಿಸಿಕೊಂಡಿದೆ. ಈ ಹುಡುಗನಾದರೋ ಸಾಲಿನ ಒಳಗೇ ಇದ್ದಾನೆ.

ಹಾಗಂತ ಅನುಭವವನ್ನೇ ಬರೆಯಿರಿ ಎಂದರೆ ಮುಗಿಯಿತೆ? ಅದೂ ಸುಲಭವಲ್ಲ. ಮಾರಮ್ಮನ ಹಬ್ಬದ ಬಗ್ಗೆ ಬರೆದು ತನ್ನಿ ಎಂದಾಗ ಇನ್ನೊಬ್ಬ, "ತಮಟೆ ಬಡಿಯೋದ ನಮ್ಮಪ್ಪ ಬಿಟ್ಟು ಹತ್ತು ವರ್ಷ ಆಯ್ತು ಸಾ. ಈಗ ನಾನು ಅದನ್ನ ಬರೀಬೇಕಾ?" ಎಂದ. ನಾಗರಾಜರ ವಾದ ನನಗೆ ಒಪ್ಪಿಗೆಯೇ. ಆದರೆ ಬಿಟ್ಟವನ ಮಗನ ಎದುರು ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಅವನಿಗೆ ಬೇರೆ ವಿಷಯ ಕೊಟ್ಟೆ.

ಆಂತರಿಕ ಮೌಲ್ಯಮಾಪನದ ಒಂದಿಷ್ಟು ಅಂಕ ಮಾತ್ರ ನಮ್ಮ ಕೈಲಿರುವುದು. ಆ ಅಂಕಗಳಿಗೆಂದು ಮಾಗಡಿ ಕಡೆಯ ಹುಡುಗಿಯೊಬ್ಬಳು ತನ್ನೂರಿನ ಕೊಂಡದ ಬಗ್ಗೆ ಆರು ಪುಟ ಬರೆದು ತಂದಳು. ಸೌದೆ ಯಾರು ಹೊರುತ್ತಾರೆ, ಕೆಂಡ ಯಾರು ಹರಡುತ್ತಾರೆ, ಕೊಂಡ ಹಾಯುವಾಗ ಯಾರು ಎಷ್ಟು ದೂರ ನಿಲ್ಲುತ್ತಾರೆ, ಎಲ್ಲ ಇತ್ತು. ಕೊನೆಯಲ್ಲಿ 'ಆಕರ ಗ್ರಂಥಗಳು' ಎಂದು ಬರೆದು, ಕೆಳಗೆ ಅವಳ ಅಜ್ಜಿಯ ಹೆಸರು. ತಿದ್ದಲೆಂದು ಕೆಂಪು ಪೆನ್ನು ಹಿಡಿದವನು ಹಾಗೇ ಬಿಟ್ಟೆ. ಹತ್ತಕ್ಕೆ ಒಂಬತ್ತು ಕೊಟ್ಟು ಪಟ್ಟಿಯನ್ನು ಕಚೇರಿಗೆ ಕಳಿಸಿದೆ.